ಲುವಾರ್ ಕಣಿವೆ: ಮೂರು ಅರಮನೆ ಒಂದೇ ದಿನ ಯಾಕೆ ಕೂಡಿಬರುತ್ತಿಲ್ಲ

ಫ್ರಾನ್ಸ್‌ನ ಟೂರ್ ಊರಿಂದ ಸೈಕಲ್ ಹತ್ತಿ, ಲುವಾರ್ ನದಿ ದಂಡೆ ಹಿಡಿದು ಒಂದೇ ದಿನದಲ್ಲಿ ಆಂಬ್ವಾಜ್, ಶೆನೊನ್ಸೊ, ಶಾಂಬೋರ್ ಮೂರೂ ಅರಮನೆ ಮುಗಿಸಲು ಲೆಕ್ಕ ಕೂಡುತ್ತಿಲ್ಲ ಅಂದಿರಲ್ಲ, ತೊಡಕು ಇರುವುದು ನದಿಯಲ್ಲೇ. ಶೆನೊನ್ಸೊ ಅರಮನೆ ಲುವಾರ್ ಮೇಲಿಲ್ಲ, ಅದರ ಉಪನದಿ ಶೇರ್ ಮೇಲಿದೆ. ಶಾಂಬೋರ್ ಕೂಡ ದಂಡೆ ಬಿಟ್ಟು ಒಳಗೆ, ಬ್ಲುವಾ ಊರಿನಾಚೆ. ಎರಡು ದಿನ ಇಟ್ಟುಕೊಳ್ಳಿ.

ಮೊದಲ ದಿನ ಬೆಳಿಗ್ಗೆ ಟೂರ್‌ನಿಂದ ಲೋಕಲ್ ರೈಲಿನಲ್ಲಿ ಸೈಕಲ್ ಸಮೇತ ಶೆನೊನ್ಸೊಗೆ ಹೋಗಿ. ಸುಮಾರು ಅರ್ಧ ಗಂಟೆ. ಸ್ಟೇಷನ್‌ನಲ್ಲಿ ಇಳಿದರೆ ಅರಮನೆ ಗೇಟು ಪಕ್ಕದಲ್ಲೇ. ಇಲ್ಲಿ ಅವಸರ ಬೇಡ. ಉದ್ದನೆಯ ಗ್ಯಾಲರಿ ಕಮಾನುಗಳ ಮೇಲೆ ನದಿಯನ್ನೇ ದಾಟಿ ನಿಂತಿದೆ, ಕಿಟಕಿಯಲ್ಲಿ ಬಗ್ಗಿದರೆ ಕಾಲಡಿ ನೀರು. ಗೇಟು ತೆರೆಯುವ ಹೊತ್ತಿಗೇ ಇರಿ, ಆಮೇಲೆ ಬಸ್ಸುಗಟ್ಟಲೆ ಜನ.

ಮಧ್ಯಾಹ್ನ ಆಂಬ್ವಾಜ್‌ಗೆ ಪೆಡಲ್ ತುಳಿಯಿರಿ, ಹೆಚ್ಚುಕಡಿಮೆ 15 ಕಿಲೋಮೀಟರ್. ನಡುವೆ ಏರು ಇದೆ, ಆದರೆ ಜಾಸ್ತಿ ಇಲ್ಲ. ರಾತ್ರಿ ಅಲ್ಲೇ ಉಳಿಯಿರಿ. ಲಿಯೊನಾರ್ಡೊ ಡಾ ವಿಂಚಿ 1519ರಲ್ಲಿ ತೀರಿಕೊಂಡ ಕ್ಲೋ ಲುಸೆ ಮನೆ ಆ ಊರಲ್ಲೇ ಇದೆ.

ಎರಡನೇ ದಿನ ಬ್ಲುವಾವರೆಗೆ ರೈಲು, ಅಲ್ಲಿಂದ ಶಾಂಬೋರ್‌ಗೆ ಸೈಕಲ್. ಕಾಡಿನ ಸಮತಟ್ಟು ದಾರಿ, ಸುಮ್ನೆ ತುಳಿಯುತ್ತಾ ಹೋದರಾಯ್ತು.

ವೈನ್ ಸವಿಯುವುದಾದರೆ ಟೂರ್ ಊರಿನ ಪಕ್ಕದ ವೂವ್ರೆಯಲ್ಲಿ ಸವಿಯಿರಿ. ಬಿಳಿ ಸುಣ್ಣಕಲ್ಲಿನ ಗುಡ್ಡ ಕೊರೆದ ತಣ್ಣನೆಯ ನೆಲಮಾಳಿಗೆಗಳಿವೆ. ಕುಡಿದು ಸೈಕಲ್ ಹತ್ತಬೇಡಿ, ಅಷ್ಟೆ.

ನೀವು ಯಾವ ತಿಂಗಳು ಹೋಗುತ್ತೀರಿ ಅಂತ ಬರೆದಿಲ್ಲ. ಬೇಸಿಗೆಯಾದರೆ ರೈಲಿನಲ್ಲಿ ಸೈಕಲ್‌ಗೆ ಜಾಗ ಸಿಗದಿರಬಹುದು. ಟಿಕೆಟ್ ಜೊತೆಗೇ ಅದನ್ನೂ ವಿಚಾರಿಸಿಕೊಳ್ಳಿ.