ಲ್ಯಾಟಿನ್ ಬಾರದ ಅಮ್ಮ ಮಗಳಿಗೆ ಲ್ಯಾಟಿನ್ ಕಲಿಸಬಹುದಾ?

ನೀವು ಕೇಳಿದ್ದು ಇಷ್ಟು: ಇರುವುದು ಅಮೆರಿಕದಲ್ಲಿ, ಒಂಬತ್ತು ವರ್ಷದ ಮಗಳಿಗೆ ಮನೆಯಲ್ಲೇ ಪಾಠ, ಮುಂದಿನ ವರ್ಷದಿಂದ ಲ್ಯಾಟಿನ್ ಶುರು ಮಾಡುವ ಆಸೆ. ಆದರೆ ನೀವು ಓದಿದ್ದು ಕನ್ನಡ ಮಾಧ್ಯಮದಲ್ಲಿ, ಲ್ಯಾಟಿನ್ ಒಂದು ಪದವೂ ಗೊತ್ತಿಲ್ಲ. ಕಲಿಸುವ ಮುಂಚೆ ನೀವು ಎಷ್ಟು ಕಲಿತಿರಬೇಕು?

ಪೂರ್ತಿ ಕಲಿಯಬೇಕಾಗಿಲ್ಲ. ಆದರೆ ಮಗುವಿಗಿಂತ ಒಂದು ಪಾಠ ಮುಂದೆ ಇದ್ದರೆ ಸಾಕು ಅನ್ನುತ್ತಾರಲ್ಲ, ಅದನ್ನೂ ನಂಬಬೇಡಿ. ಅಷ್ಟರಲ್ಲಿ ಉತ್ತರದ ಪುಸ್ತಕ ನೋಡಿ ತಪ್ಪು-ಸರಿ ಹಾಕಬಹುದು, ಅಷ್ಟೇ. "ಇಲ್ಲಿ ಯಾಕಮ್ಮಾ ಹೀಗೆ?" ಎಂದು ಮಗಳು ಕೇಳಿದರೆ ಹೇಳಲು ಏನೂ ಇರುವುದಿಲ್ಲ. ನಾನು ನನ್ನ ಮಗನಿಗೆ ಮನೆಯಲ್ಲೇ ಕಲಿಸಿದವಳು. ನನ್ನ ಲೆಕ್ಕದಲ್ಲಿ ಶುರು ಮಾಡುವ ದಿನಕ್ಕೆ ನಿಮಗೆ ಇಷ್ಟು ಬಾಯಿಗೆ ಬಂದಿರಬೇಕು: ನಾಮಪದಗಳ ಐದು ಗುಂಪಿನಲ್ಲಿ (ಪದದ ತುದಿ ಬದಲಾಗುವ ರೀತಿ ನೋಡಿ ಮಾಡಿದ ಗುಂಪುಗಳು) ಮೊದಲ ಎರಡು, ಕ್ರಿಯಾಪದಗಳ ನಾಲ್ಕು ಗುಂಪಿನಲ್ಲಿ ಮೊದಲ ಎರಡರ ವರ್ತಮಾನ ಕಾಲ, ಜೊತೆಗೆ 'ಇರು' ಎನ್ನುವ ಕ್ರಿಯಾಪದ (ಸುಮ್, ಎಸ್, ಎಸ್ತ್, ಸುಮುಸ್, ಎಸ್ತಿಸ್, ಸುಂತ್). ದಿನಕ್ಕೆ ಅರ್ಧ ಗಂಟೆ ಕೂತರೆ ಕೆಲವು ತಿಂಗಳ ಕೆಲಸ. ನಿಮಗೆ ಒಂದು ವರ್ಷ ಇದೆ, ಧಾರಾಳವಾಯಿತು.

ಈಗ ಮುಖ್ಯವಾದ ಮಾತು. ಲ್ಯಾಟಿನ್‌ಗೆ ಇಂಗ್ಲಿಷ್ ಮೂಲಕ ಹೋಗಬೇಡಿ, ಕನ್ನಡದ ಮೂಲಕ ಹೋಗಿ. ಅಮೆರಿಕದ ಪಠ್ಯಪುಸ್ತಕಗಳು ಬರೀ ಇಂಗ್ಲಿಷ್ ಬಲ್ಲ ಮಕ್ಕಳಿಗಾಗಿ ಬರೆದವು. ವಿಭಕ್ತಿ ಅಂದರೇನು ಎಂದು ವಿವರಿಸಲು ಅವು ಪುಟಗಟ್ಟಲೆ ಖರ್ಚು ಮಾಡುತ್ತವೆ. ನಮಗೆ ಅದು ಬೇಕಾ? 'ಹುಡುಗಿಗೆ ಗುಲಾಬಿಯನ್ನು ಕೊಡುತ್ತೇನೆ' ಅನ್ನಿ. ಲ್ಯಾಟಿನ್‌ನಲ್ಲಿ 'ಪುಎಲ್ಲೈ ರೊಸಮ್ ದೋ'. ಅದೇ ಚತುರ್ಥಿ, ಅದೇ ದ್ವಿತೀಯಾ, ಪದಗಳ ಕ್ರಮವೂ ಅದೇ, ಕ್ರಿಯಾಪದ ಕೊನೆಗೆ. 'ನಾನು' ಅನ್ನುವುದನ್ನು ಬಿಟ್ಟರೂ ಕೊಡುವವರು ಯಾರು ಎಂದು ಕ್ರಿಯಾಪದದ ತುದಿಯೇ ಹೇಳುತ್ತದೆ. ಇಂಗ್ಲಿಷ್‌ನ 'ಎ', 'ದ' ಥರದ್ದೂ ಇಲ್ಲ. ನಿಮ್ಮ ಮಗಳು ಮನೆಯಲ್ಲಿ ಕನ್ನಡ ಮಾತಾಡುತ್ತಾಳೆ ಅಂದರೆ ಇದೆಲ್ಲ ಅವಳಿಗೆ ಆಗಲೇ ಬರುತ್ತದೆ, ಹೆಸರು ಗೊತ್ತಿಲ್ಲ ಅಷ್ಟೇ. ಆ ಹೆಸರುಗಳನ್ನು ಕನ್ನಡದಲ್ಲೇ ಹೇಳಿಕೊಡಿ. ಅವಳ ಕನ್ನಡವೂ ಗಟ್ಟಿಯಾಗುತ್ತದೆ, ನನಗೆ ಅದು ಲ್ಯಾಟಿನ್‌ನಷ್ಟೇ ಮುಖ್ಯವಾಗಿತ್ತು.

ಉಚ್ಚಾರದಲ್ಲೂ ನಮಗೆ ಅನುಕೂಲ ಇದೆ. ಲ್ಯಾಟಿನ್‌ನಲ್ಲಿ ಹ್ರಸ್ವ-ದೀರ್ಘ ಬದಲಾದರೆ ಅರ್ಥವೇ ಬದಲಾಗುತ್ತದೆ. 'ಪುಎಲ್ಲ' ಅಂದರೆ ಹುಡುಗಿ, ಪ್ರಥಮಾ. 'ಪುಎಲ್ಲಾ' ಅಂದರೆ ಬೇರೆ ವಿಭಕ್ತಿ. 'ಲಿಬೆರ್' ಪುಸ್ತಕ, 'ಲೀಬೆರ್' ಸ್ವತಂತ್ರ. ಪುಸ್ತಕದಲ್ಲಿ ಇದಕ್ಕೆ ಅಕ್ಷರದ ಮೇಲೊಂದು ಗೆರೆ ಎಳೆದಿರುತ್ತಾರೆ. ಇಲ್ಲಿನ ಎಷ್ಟೋ ಮಕ್ಕಳು ಆ ಗೆರೆಯನ್ನು ನೋಡುವುದೇ ಇಲ್ಲ. ನೀವು ಮೊದಲ ಕೆಲವು ವಾರ ಪದಗಳನ್ನು ಕನ್ನಡ ಲಿಪಿಯಲ್ಲೂ ಬರೆಸಿ. ಎ-ಏ, ಒ-ಓ ವ್ಯತ್ಯಾಸವೂ ಒತ್ತಕ್ಷರವೂ ಅದರಲ್ಲಿ ಸರಿಯಾಗಿ ಬರುತ್ತದೆ. ಇನ್ನೊಂದು, ಹಳೆಯ ರೋಮನ್ನರ ಉಚ್ಚಾರ ಬೇರೆ, ಚರ್ಚಿನ ಉಚ್ಚಾರ ಬೇರೆ. ಮೊದಲನೆಯದರಲ್ಲಿ ಸೀಸರ್ 'ಕೈಸರ್' ಆಗುತ್ತಾನೆ, ಎರಡನೆಯದರಲ್ಲಿ 'ಚೇಸರ್'. ಯಾವುದಾದರೂ ಒಂದನ್ನು ಹಿಡಿದು ಅದರಲ್ಲೇ ಇರಿ. ನಾನು ಮೊದಲನೆಯದನ್ನೇ ಹೇಳುತ್ತೇನೆ.

ಎಲ್ಲವೂ ಸುಲಭ ಅಂತ ಅಂದುಕೊಳ್ಳಬೇಡಿ ಮತ್ತೆ. ಕನ್ನಡದಲ್ಲಿ ಲಿಂಗ ಅರ್ಥಕ್ಕೆ ತಕ್ಕ ಹಾಗೆ ಇರುತ್ತದೆ, ಮೇಜೂ ಪುಸ್ತಕವೂ ಎರಡೂ ನಪುಂಸಕ. ಲ್ಯಾಟಿನ್‌ನಲ್ಲಿ ಮೇಜು ಸ್ತ್ರೀಲಿಂಗ, ಪುಸ್ತಕ ಪುಲ್ಲಿಂಗ. ನಮ್ಮ 'ಒಳ್ಳೆಯ' ಯಾರ ಮುಂದೆ ಹಾಕಿದರೂ 'ಒಳ್ಳೆಯ'ನೇ. ಅಲ್ಲಿ ಹುಡುಗಿಗೆ 'ಬೊನ', ರೈತನಿಗೆ 'ಬೊನುಸ್', ಅದೂ ರೈತ ಎನ್ನುವ ಪದ 'ಅಗ್ರಿಕೊಲ' ಎಂದು ಹುಡುಗಿಯ ಪದದ ಹಾಗೇ ಮುಗಿದರೂ. ಮೇಲೆ ಬಂದ 'ಪುಎಲ್ಲೈ' ಇದೆಯಲ್ಲ, ಅದು 'ಹುಡುಗಿಗೆ' ಮಾತ್ರ ಅಲ್ಲ, 'ಹುಡುಗಿಯ', 'ಹುಡುಗಿಯರು' ಕೂಡ ಹೌದು. ನಮ್ಮ ತೃತೀಯಾ, ಪಂಚಮಿ, ಸಪ್ತಮಿ ಮೂರರ ಕೆಲಸವನ್ನೂ ಬಹುಮಟ್ಟಿಗೆ ಅಲ್ಲಿ ಒಂದೇ ವಿಭಕ್ತಿ ಮಾಡುತ್ತದೆ. ಇಂಥ ಕಡೆ ಮಗಳು ತಡವರಿಸಿಯೇ ತಡವರಿಸುತ್ತಾಳೆ, ಆಗ ಅವಸರ ಮಾಡಬೇಡಿ. ಹೈಸ್ಕೂಲಿನಲ್ಲಿ ಸಂಸ್ಕೃತ ತೆಗೆದುಕೊಂಡಿದ್ದರೆ 'ರಾಮಃ ರಾಮೌ ರಾಮಾಃ' ಹೇಳಿದ ಹಾಗೇ ಇಲ್ಲೂ ರಾಗವಾಗಿ ಹೇಳಿಸಿ, ಬಾಯಿಪಾಠ ಹಳೇ ಕಾಲದ್ದು ಎಂದು ಬಿಡಬೇಡಿ. ಪುಣ್ಯಕ್ಕೆ ಲ್ಯಾಟಿನ್‌ನಲ್ಲಿ ದ್ವಿವಚನ ಇಲ್ಲ.

ನೀವು ಕಲಿಯಲು ಪುಸ್ತಕ ಒಂದನ್ನೇ ಹೇಳುತ್ತೇನೆ. ಡೆನ್ಮಾರ್ಕಿನ ಹ್ಯಾನ್ಸ್ ಓರ್ಬರ್ಗ್ ಬರೆದ 'ಫಮಿಲಿಯ ರೊಮಾನ'. 35 ಅಧ್ಯಾಯ, ಮೊದಲ ಸಾಲಿನಿಂದ ಕೊನೆಯವರೆಗೂ ಲ್ಯಾಟಿನ್‌ನಲ್ಲೇ ಇದೆ. ಒಂದು ರೋಮನ್ ಕುಟುಂಬದ ಕಥೆ, ಪದಗಳ ಅರ್ಥ ಚಿತ್ರದಿಂದ, ಸಂದರ್ಭದಿಂದ ಗೊತ್ತಾಗುತ್ತದೆ. ಮಧ್ಯದಲ್ಲಿ ಇಂಗ್ಲಿಷ್ ಇಲ್ಲದ ಕಾರಣ ನೀವು ಕನ್ನಡದಲ್ಲೇ ವಿವರಿಸಬಹುದು. ಆದರೆ ಅದು ಗುಲಾಮರಿದ್ದ ಮನೆ, ಗುಲಾಮರಿಗೂ ಮಕ್ಕಳಿಗೂ ಹೊಡೆಯುವುದು ಬರುತ್ತದೆ, ಹಾಗಾಗಿ ಮಗಳ ಕೈಗೆ ಕೊಡುವ ಮುಂಚೆ ನೀವು ಓದಿ. ಮನೆಪಾಠಕ್ಕೆಂದೇ ಇಲ್ಲಿ ಮಾರುವ ಲ್ಯಾಟಿನ್ ಪುಸ್ತಕಗಳಲ್ಲಿ ಹಲವು ಕ್ರೈಸ್ತ ಕುಟುಂಬಗಳಿಗಾಗಿ ಮಾಡಿದವು, ಪ್ರಾರ್ಥನೆಗಳೂ ಪಾಠದ ಭಾಗ. ನಿಮಗೆ ಅದು ಬೇಕೋ ಬೇಡವೋ ಮೊದಲು ತೀರ್ಮಾನಿಸಿ, ಆಮೇಲೆ ಪುಸ್ತಕ ಕೊಳ್ಳಿ. ನಾಮಪದಗಳ ಪಟ್ಟಿ ಬಾಯಿಪಾಠ ಮಾಡುವಾಗಲೂ ಒಂದು ಎಚ್ಚರ: ಅಮೆರಿಕದ ಪುಸ್ತಕಗಳಲ್ಲಿ ವಿಭಕ್ತಿಗಳ ಕ್ರಮ ಒಂದು ಥರ, ಬ್ರಿಟನ್ನಿನ ಪುಸ್ತಕಗಳಲ್ಲಿ ಇನ್ನೊಂದು ಥರ. ಎರಡನ್ನೂ ಬೆರೆಸಿದರೆ ಮಗುವಿಗೆ ಸುಮ್ನೆ ಗೊಂದಲ.

ಜಾಸ್ತಿ ಜನ ಕೈಬಿಡುವುದು ನಾಮಪದಗಳ ಮೂರನೇ ಗುಂಪಿನಲ್ಲಿ. ರಾಜ 'ರೇಕ್ಸ್', ರಾಜನ ಅನ್ನುವುದಕ್ಕೆ 'ರೇಗಿಸ್'. ಮೊದಲ ರೂಪ ನೋಡಿ ಎರಡನೆಯದನ್ನು ಊಹಿಸಲು ಆಗುವುದಿಲ್ಲ, ಪ್ರತಿ ಪದಕ್ಕೂ ಎರಡೂ ರೂಪ ಒಟ್ಟಿಗೆ ಕಲಿಯಬೇಕು. ಮಗಳು ಅಲ್ಲಿಗೆ ಬರುವಷ್ಟರಲ್ಲಿ ನೀವು ಅದನ್ನು ದಾಟಿ ಆರಾಮಾಗಿ ಇರಬೇಕು. ಅದಾದ ಮೇಲೆ ಇಬ್ಬರೂ ಒಟ್ಟಿಗೇ ಕಲಿಯಿರಿ, ತೊಂದರೆ ಇಲ್ಲ. ರೋಮನ್ ಕವಿ ವರ್ಜಿಲ್‌ನನ್ನು ಓದುವ ಹಂತಕ್ಕೆ ಬಂದಾಗ ಒಬ್ಬ ಒಳ್ಳೆಯ ಆನ್‌ಲೈನ್ ಮೇಷ್ಟ್ರನ್ನು ಹುಡುಕಿ.

ಕೊನೆಗೆ ಪರೀಕ್ಷೆ ವಿಷಯ. ನ್ಯಾಷನಲ್ ಲ್ಯಾಟಿನ್ ಎಕ್ಸಾಮ್ ಅಂತ ಇದೆ, 40 ಪ್ರಶ್ನೆ, ಎಲ್ಲ ಆಯ್ಕೆ ಮಾಡಿ ಗುರುತು ಹಾಕುವಂಥವು. ಮನೆಯಲ್ಲಿ ಕಲಿಯುವ ಮಕ್ಕಳೂ ಬರೆಯಬಹುದು. ಮೊದಲ ವರ್ಷ ಅದರ ಯೋಚನೆ ಬೇಡ. ಹಳೆಯ ಪ್ರಶ್ನೆಪತ್ರಿಕೆಗಳು ಸಿಗುತ್ತವೆ, ಅವನ್ನು ಮೊದಲು ನೀವು ಬಿಡಿಸಿ ನೋಡಿ. ಎಲ್ಲಿ ತಪ್ಪುತ್ತದೋ ಆ ಪಾಠವನ್ನು ಮಗಳಿಗೆ ಕಲಿಸುವ ಮುಂಚೆ ಇನ್ನೊಮ್ಮೆ ಓದಿಕೊಳ್ಳಿ.