ಯಾವ ಡೀಲರ್ ಕೊಟ್ಟ ಅಂತ ಗೊತ್ತಿಲ್ಲದಿದ್ದರೂ ದಾವೆ ಹಾಕಬಹುದು

ಮಗನಿಗೆ ಹೆರಾಯಿನ್ ಕೊಟ್ಟವನು ಯಾರು ಅಂತಲೇ ಗೊತ್ತಿಲ್ಲ, ರಿಹ್ಯಾಬ್ (ಚಟ ಬಿಡಿಸುವ ಚಿಕಿತ್ಸೆ) ಖರ್ಚಿಗೆ ಕೇಸ್ ನಿಲ್ಲುವುದಿಲ್ಲ ಅಂತ ವಕೀಲರು ಹೇಳಿದ್ದಾರೆ ಅಂದಿರಿ. ಬಹುಶಃ ಅವರು ಮಾಮೂಲಿ ನಷ್ಟಪರಿಹಾರದ ಕಾನೂನನ್ನಷ್ಟೇ ನೋಡಿದ್ದಾರೆ. ನೀವಿರುವುದು ಕ್ಯಾಲಿಫೋರ್ನಿಯಾ ಅಲ್ವಾ? ಅಲ್ಲಿ 1996ರಲ್ಲಿ ಮಾಡಿದ ಡ್ರಗ್ ಡೀಲರ್ ಲಯಬಿಲಿಟಿ ಆಕ್ಟ್ ಇದೆ. ನಿಮ್ಮ ಮಗ ಚಟದಲ್ಲಿದ್ದ ಕಾಲದಲ್ಲಿ, ಅದೇ ಪ್ರದೇಶದಲ್ಲಿ, ಅದೇ ಜಾತಿಯ ಡ್ರಗ್ ಗೊತ್ತಿದ್ದೂ ಮಾರಿ ಶಿಕ್ಷೆಯಾದವನ ಮೇಲೆ ದಾವೆ ಹಾಕಬಹುದು. ಮಗನ ಕೈಗೇ ಕೊಟ್ಟ ಅಂತ ತೋರಿಸಬೇಕಿಲ್ಲ.

ದಾವೆ ಹಾಕಲು ಗಡುವು ಇದೆ, ವಕೀಲರನ್ನು ಮೊದಲು ಅದನ್ನೇ ಕೇಳಿ. ಆಮೇಲೆ ಕೌಂಟಿ (ಜಿಲ್ಲಾ) ಕೋರ್ಟಿನಲ್ಲಿ ಹೆರಾಯಿನ್ ಮಾರಿ ಶಿಕ್ಷೆಯಾದವರ ದಾಖಲೆ ತೆಗೆಸಿ. ಶಿಕ್ಷೆಯಾದವನು ಮತ್ತೆ ಇಲ್ಲಿ ಬಂದು "ನಾನು ಮಾರೇ ಇಲ್ಲ" ಅನ್ನುವ ಹಾಗಿಲ್ಲ, ನಿಮ್ಮ ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ. ರಿಹ್ಯಾಬ್, ಆಂಬುಲೆನ್ಸ್, ಎಮರ್ಜೆನ್ಸಿ ಬಿಲ್‌ಗಳನ್ನು ತಾರೀಖಿನ ಪ್ರಕಾರ ಜೋಡಿಸಿ, ಇನ್ಶೂರೆನ್ಸ್ ಕೊಟ್ಟದ್ದು ಬೇರೆ, ನಿಮ್ಮ ಜೇಬಿನಿಂದ ಹೋದದ್ದು ಬೇರೆ. ದಾವೆ ತಂದೆತಾಯಿಯಾಗಿ ನಿಮ್ಮ ಹೆಸರಿನಲ್ಲೇ ಇರಲಿ. ಮಗನೇ ಹಾಕುವುದಾದರೆ ಷರತ್ತು ಜಾಸ್ತಿ: ಗೊತ್ತಿದ್ದದ್ದನ್ನೆಲ್ಲ ಪೊಲೀಸರಿಗೆ ಹೇಳಿರಬೇಕು, ಡ್ರಗ್ ಬಿಟ್ಟಿರಬೇಕು.

ದುಡ್ಡು ಕೈಗೆ ಬರುತ್ತಾ ಅನ್ನುವುದು ಮಾತ್ರ ಖಾತ್ರಿಯಿಲ್ಲ. ಎಷ್ಟೋ ಸಲ ಡೀಲರನ ಆಸ್ತಿಯನ್ನು ಸರ್ಕಾರ ಮೊದಲೇ ಜಪ್ತಿ ಮಾಡಿರುತ್ತದೆ. ಅವನ ಹೆಸರಿನಲ್ಲಿ ಮನೆ, ಕಾರು ಏನಾದರೂ ಉಳಿದಿದೆಯಾ ನೋಡಿ, ಇಲ್ಲದಿದ್ದರೆ ವಕೀಲರ ಫೀಸು ಸುಮ್ನೆ ದಂಡ.