ಸೈನಿಕನ ಹೆಂಡತಿ ಅಂತ ಎಷ್ಟು ಸಲ ತೋರಿಸಬೇಕು?

ಅಮ್ಮ, ನಮಸ್ಕಾರ.

ನಿಮ್ಮ ಪತ್ರ ತಲುಪಿತು. ಹೆಸರು ಹಾಕಬೇಡಿ ಅಂದಿದ್ದೀರಿ, ಹಾಕುವುದಿಲ್ಲ. ಬೇರೆ ಓದುಗರಿಗೂ ವಿಷಯ ಗೊತ್ತಾಗಲಿ ಅಂತ ನೀವು ಬರೆದದ್ದನ್ನು ಮೊದಲು ಚಿಕ್ಕದಾಗಿ ಹೇಳುತ್ತೇನೆ.

ನಿಮ್ಮದು ಕೊಡಗಿನ ಪೊನ್ನಂಪೇಟೆ ಹತ್ತಿರದ ಊರು. ಯಜಮಾನರು ಹವಾಲ್ದಾರರಾಗಿ ನಿವೃತ್ತರಾದವರು, ಕಳೆದ ಮಳೆಗಾಲದಲ್ಲಿ ತೀರಿಕೊಂಡರು. ಮೊನ್ನೆ ಬೇಸಿಗೆಯಲ್ಲಿ ಒಂದು ರಾತ್ರಿ ನಿಮಗೆ ಎದೆನೋವು ಬಂತು. ಮಗ ಕಾರಿನಲ್ಲಿ ಮೈಸೂರಿಗೆ ಕರೆದುಕೊಂಡು ಹೋದರು. ಮಾಜಿ ಸೈನಿಕರ ಆರೋಗ್ಯ ಯೋಜನೆಯ, ಅಂದರೆ ಇಸಿಎಚ್‌ಎಸ್‌ನ ಪಟ್ಟಿಯಲ್ಲಿರುವ ಆಸ್ಪತ್ರೆಗೇ ಹೋದಿರಿ. ಕೌಂಟರಿನವರು ನಿಮ್ಮ ಕಾರ್ಡ್ ನೋಡಿ, ಇದು ಹಳೆಯದು, ಇದರಲ್ಲಿರುವ ಹೆಸರೇ ಬೇರೆ, ಆಧಾರ್‌ನಲ್ಲಿರುವ ಹೆಸರೇ ಬೇರೆ, ಮೊದಲು ದುಡ್ಡು ಕಟ್ಟಿ ಅಂದರು. ಕಾಫಿ ಮಾರಿ ಇಟ್ಟಿದ್ದ ದುಡ್ಡನ್ನು ಮಗ ಕಟ್ಟಿದರು. "ಅವರು ಗಡಿಯಲ್ಲಿದ್ದಾಗ ಮನೆ, ಮಕ್ಕಳು, ತೋಟ ಎಲ್ಲ ನೋಡಿಕೊಂಡವಳು ನಾನು. ಈಗ ನಾನು ಅವರ ಹೆಂಡತಿ ಅಂತ ಎಷ್ಟು ಸಲ ತೋರಿಸಬೇಕು?" ಅಂತ ಕೇಳಿದ್ದೀರಿ.

ನೀವು ಹುಷಾರಾಗಿದ್ದೀರಿ ಅನ್ನೋದು ಮೊದಲ ಸಮಾಧಾನ. ನಿಮ್ಮ ಪ್ರಶ್ನೆಗೆ ನೇರ ಉತ್ತರ ಇಷ್ಟೇ: ಒಂದು ಸಲ ತೋರಿಸಿದರೆ ಸಾಕಾಗಬೇಕಿತ್ತು. ನಿಮ್ಮ ಮದುವೆ, ಮಕ್ಕಳ ಹುಟ್ಟು ಎಲ್ಲವೂ ಯಜಮಾನರ ವಿವರ ಸೈನ್ಯದಲ್ಲಿ ಬರೆದಿಡುವ ಪಾರ್ಟ್ ಟೂ ಆರ್ಡರ್‌ನಲ್ಲಿ ದಾಖಲಾಗಿರುತ್ತದೆ. ಪಿಂಚಣಿ ಪಾವತಿ ಆದೇಶದಲ್ಲಿ, ಅಂದರೆ ಪಿಪಿಒದಲ್ಲಿ ನಿಮ್ಮ ಹೆಸರಿರುತ್ತದೆ. ಈಗ ಪಿಂಚಣಿ ಸ್ಪರ್ಶ್ ಅನ್ನೋ ಆನ್‌ಲೈನ್ ವ್ಯವಸ್ಥೆಗೆ ಬಂದಿದೆ. ಯಜಮಾನರು ಹೋದ ಮೇಲೆ ಮರಣ ಪತ್ರ ಕೊಟ್ಟೇ ನೀವು ಕುಟುಂಬ ಪಿಂಚಣಿ ಮಾಡಿಸಿಕೊಂಡಿದ್ದೀರಿ. ಅದೇ ಸುದ್ದಿಯನ್ನು ಆರೋಗ್ಯ ಯೋಜನೆಗೆ ಮತ್ತೆ ನೀವೇ ಹೋಗಿ ಯಾಕೆ ಹೇಳಬೇಕು? ಎರಡೂ ಒಂದೇ ರಕ್ಷಣಾ ಸಚಿವಾಲಯದ ಕೆಳಗಿನ ಕೆಲಸಗಳು. ಸರ್ಕಾರಕ್ಕೆ ಗೊತ್ತಿರುವ ಸಂಗತಿಯನ್ನು ಸಾಬೀತು ಮಾಡುವ ಭಾರ, ನಡುರಾತ್ರಿ ಎದೆ ಹಿಡಿದುಕೊಂಡು ಬಂದ ಹೆಂಗಸಿನ ಮೇಲೆ ಬೀಳಬಾರದು. ಈ ಮಾತನ್ನು ನಾವು ಬಿಡುವುದಿಲ್ಲ, ಬರೆಯುತ್ತಲೇ ಇರುತ್ತೇವೆ.

ಆದರೆ ವ್ಯವಸ್ಥೆ ಸರಿಹೋಗುವವರೆಗೆ ನಿಮ್ಮ ಕೈಯಲ್ಲಿ ಸರಿಯಾದ ಕಾರ್ಡ್ ಇರಲೇಬೇಕು. ಮಡಿಕೇರಿಯಿಂದ ಮೈಸೂರಿಗೆ ನೂರು ಕಿಲೋಮೀಟರ್‌ಗೂ ಜಾಸ್ತಿ. ಅಷ್ಟು ದೂರ ಹೋಗಿ ಕೌಂಟರಿನ ಮುಂದೆ ವಾದ ಮಾಡುವ ಶಕ್ತಿ ಯಾರಿಗಿರುತ್ತದೆ?

ಮೊದಲು ಒಂದು ಧೈರ್ಯದ ಮಾತು. ನಿಮ್ಮ ಹಕ್ಕು ಎಲ್ಲೂ ಹೋಗಿಲ್ಲ. ಇಸಿಎಚ್‌ಎಸ್ ಶುರುವಾದದ್ದು 2003ರ ಏಪ್ರಿಲ್ 1ರಂದು. ಸೈನಿಕ ಒಂದು ಸಲ ವಂತಿಗೆ ಕಟ್ಟಿದರೆ ಅವರಿಗೂ ಹೆಂಡತಿಗೂ ಜೀವನಪೂರ್ತಿ ಚಿಕಿತ್ಸೆ. 2017ರ ಕೊನೆಯಲ್ಲಿ ಪರಿಷ್ಕರಿಸಿದ ದರದಂತೆ ಹವಾಲ್ದಾರ್‌ವರೆಗಿನವರಿಗೆ 30,000 ರೂಪಾಯಿ, ನಾಯಬ್ ಸುಬೇದಾರ್‌ನಿಂದ ಸುಬೇದಾರ್ ಮೇಜರ್‌ವರೆಗೆ 67,000, ಅಧಿಕಾರಿಗಳಿಗೆ 1,20,000. ಯುದ್ಧದಲ್ಲಿ ಮಡಿದವರ ಪತ್ನಿಯರು ಮತ್ತು 1996ರ ಜನವರಿ 1ಕ್ಕೆ ಮೊದಲು ನಿವೃತ್ತರಾದವರು ಕಟ್ಟಬೇಕಾಗಿಲ್ಲ. ನಿಮ್ಮ ಯಜಮಾನರು ಸದಸ್ಯರಾಗಿದ್ದರು, ಹಾಗಾಗಿ ನೀವು ಮತ್ತೆ ವಂತಿಗೆ ಕಟ್ಟುವ ಮಾತೇ ಇಲ್ಲ. ಯಾರಾದರೂ ಕಟ್ಟಿ ಅಂದರೆ ಒಪ್ಪಬೇಡಿ.

ಈಗ ಕಾರ್ಡ್ ವಿಷಯ. ಚಿಪ್ ಇರುವ ಹಳೆಯ 16 ಕೆಬಿ, 32 ಕೆಬಿ ಕಾರ್ಡುಗಳ ಕಾಲ ಮುಗಿದಿದೆ. ಈಗ ನಡೆಯುವುದು 64 ಕೆಬಿ ಕಾರ್ಡ್. ಮನೆಯಲ್ಲಿ ಎಷ್ಟು ಜನ ಫಲಾನುಭವಿಗಳಿದ್ದಾರೋ ಅಷ್ಟು ಕಾರ್ಡ್ ಬೇಕು. ಯಜಮಾನರ ಕಾರ್ಡ್ ಬೀರುವಿನಲ್ಲಿ ಭದ್ರವಾಗಿದೆ ಅಂತ ಬರೆದಿದ್ದೀರಿ. ಅದನ್ನು ಇಸಿಎಚ್‌ಎಸ್‌ನ ಸ್ಥಳೀಯ ಚಿಕಿತ್ಸಾ ಕೇಂದ್ರವಾದ ಪಾಲಿಕ್ಲಿನಿಕ್‌ಗೆ ಒಪ್ಪಿಸಿ, ನೀವೇ ಮುಖ್ಯ ಸದಸ್ಯೆ ಆಗಿ ಹೊಸ ಕಾರ್ಡಿಗೆ ಅರ್ಜಿ ಹಾಕಬೇಕು. ಅರ್ಜಿ ಆನ್‌ಲೈನ್. ಇಲ್ಲಿ ಒಂದು ತೊಡಕು ಬರುತ್ತದೆ. ಒಟಿಪಿ ಬರುವುದು ನೋಂದಾಯಿಸಿದ ಮೊಬೈಲಿಗೆ. ಆ ನಂಬರ್ ಯಜಮಾನರದ್ದಾಗಿದ್ದು, ಅವರು ಹೋದ ಮೇಲೆ ಸಿಮ್ ನಿಂತುಹೋಗಿದ್ದರೆ ಕೆಲಸ ಅಲ್ಲೇ ನಿಲ್ಲುತ್ತದೆ. ಅಂಥ ಸಿಮ್‌ಗೆ ರೀಚಾರ್ಜ್ ಮಾಡಿಸಿ ಇಟ್ಟುಕೊಳ್ಳಿ ಅಂತ ಗಂಡನನ್ನು ಕಳೆದುಕೊಂಡ ಎಲ್ಲ ತಾಯಂದಿರಿಗೂ ಹೇಳುತ್ತೇನೆ. ನಿಂತೇ ಹೋಗಿದ್ದರೆ ಮಡಿಕೇರಿ ಅಥವಾ ವಿರಾಜಪೇಟೆ ಪಾಲಿಕ್ಲಿನಿಕ್‌ನಲ್ಲಿ ಮೊದಲು ನಂಬರ್ ಬದಲಿಸುವ ಬಗ್ಗೆ ಕೇಳಿ. ನಿಮಗೆ ವಿರಾಜಪೇಟೆಯೇ ಹತ್ತಿರ ಅಲ್ವಾ?

ಹೆಸರಿನದ್ದು ಕೊಡಗಿನ ಮನೆಮನೆಯ ಕಷ್ಟ. ಈ ವಿಷಯದಲ್ಲಿ ನಮಗೆ ಬೇರೆ ಪತ್ರಗಳೂ ಬಂದಿವೆ. ನಮ್ಮಲ್ಲಿ ಮನೆತನದ ಹೆಸರು ಮೊದಲು ಬರುತ್ತದೆ, ಆಮೇಲೆ ತಂದೆಯ ಹೆಸರು, ಕೊನೆಗೆ ಸ್ವಂತ ಹೆಸರು. ಫೀಲ್ಡ್ ಮಾರ್ಷಲ್ ಕೆ.ಎಂ. ಕಾರ್ಯಪ್ಪ ಅಂದರೆ ಕೊಡಂದೇರ ಮಾದಪ್ಪ ಕಾರ್ಯಪ್ಪ. ಜನರಲ್ ತಿಮ್ಮಯ್ಯನವರೂ ಕೊಡಂದೇರ ಮನೆಯವರೇ. ಕಾರ್ಯಪ್ಪ ಅನ್ನೋ ಹೆಸರನ್ನು ಇಂಗ್ಲಿಷಿನಲ್ಲಿ ಸಿ ಅಕ್ಷರದಿಂದ ಬರೆಯುವವರೂ ಇದ್ದಾರೆ, ಕೆ ಅಕ್ಷರದಿಂದ ಬರೆಯುವವರೂ ಇದ್ದಾರೆ. ಹೆಣ್ಣುಮಕ್ಕಳದ್ದು ಇನ್ನೂ ಜಾಸ್ತಿ ಗೋಜಲು. ಶಾಲೆಯ ಟಿಸಿಯಲ್ಲಿ ತವರು ಮನೆಯ ಹೆಸರು. ಮದುವೆಯಾದ ಮೇಲೆ ಗಂಡನ ಮನೆಯ ಹೆಸರು. ಸೈನ್ಯದ ಗುಮಾಸ್ತ ಯಾವುದೋ ದೂರದ ಊರಿನವನು, ಅವನ ಕಿವಿಗೆ ಬಿದ್ದ ಹಾಗೆ ಕಾವೇರಮ್ಮನನ್ನು ಕಾವೇರಿ ಅಂತ ಬರೆದಿರುತ್ತಾನೆ. ಆಧಾರ್ ಕೇಂದ್ರದವರು ಬರೆದದ್ದು ಮತ್ತೊಂದು. ಅರೆಭಾಷೆ ಗೌಡರ ಮನೆಗಳಲ್ಲೂ ಇದೇ ಕಥೆ.

ಇದಕ್ಕೆ ದಾರಿ ಏನು? ಬುಡ ಯಾವುದು ಅಂತ ಮೊದಲು ನೋಡಿ. ಬುಡ ಅಂದರೆ ಸೈನಿಕರ ಸೇವಾ ವಿವರ ಇಡುವ ರೆಕಾರ್ಡ್ಸ್ ಆಫೀಸಿನ ದಾಖಲೆ ಮತ್ತು ಪಿಪಿಒ. ಅಲ್ಲಿರುವ ಹೆಸರು, ಹುಟ್ಟಿದ ದಿನ ಸರಿಯಾಗಿದ್ದರೆ ಆಧಾರ್ ಮತ್ತು ಬ್ಯಾಂಕ್ ಪಾಸ್‌ಬುಕ್ ಅದಕ್ಕೆ ಹೊಂದುವ ಹಾಗೆ ತಿದ್ದಿಸಿಕೊಳ್ಳಿ, ಅದು ಸುಲಭ. ಅಲ್ಲೇ ತಪ್ಪಿದ್ದರೆ ಬೇರೆ ಕಾಗದ ತಿದ್ದಿ ಪ್ರಯೋಜನ ಇಲ್ಲ. ಅಫಿಡವಿಟ್ ಮಾಡಿಸಿ, ಪುರಾವೆಯ ಕಾಗದ ಜೋಡಿಸಿ, ಮಡಿಕೇರಿಯ ಸೈನಿಕ ಕಲ್ಯಾಣ ಕಚೇರಿಯ ಮೂಲಕ ರೆಕಾರ್ಡ್ಸ್‌ಗೆ ಕಳಿಸಬೇಕು. ಯಜಮಾನರು ಮದ್ರಾಸ್ ರೆಜಿಮೆಂಟ್ ಅಂದಿದ್ದೀರಿ, ಅವರ ರೆಕಾರ್ಡ್ಸ್ ಇರುವುದು ತಮಿಳುನಾಡಿನ ವೆಲಿಂಗ್ಟನ್‌ನಲ್ಲಿ. ಮದ್ರಾಸ್ ಇಂಜಿನಿಯರ್ ಗ್ರೂಪ್, ಅಂದರೆ ಎಂಇಜಿಯವರದ್ದು ಬೆಂಗಳೂರು, ಆರ್ಟಿಲರಿಯವರದ್ದು ನಾಸಿಕ್. ಸಮಯ ಹಿಡಿಯುತ್ತದೆ. ಅದಕ್ಕೇ ಗಂಡ ಬದುಕಿರುವಾಗಲೇ ಇದನ್ನು ಮಾಡಿಸಿ ಅಂತ ಎಲ್ಲರಿಗೂ ಕೈಮುಗಿದು ಕೇಳುತ್ತೇನೆ. ಸೈನಿಕ ಸ್ವತಃ ಸಹಿ ಹಾಕಿ ಕಳಿಸಿದರೆ ಆಗುವ ಕೆಲಸಕ್ಕೆ, ಅವರು ಹೋದ ಮೇಲೆ ಹೆಂಡತಿ ಎಷ್ಟೋ ಕಾಗದ ಜೋಡಿಸಬೇಕಾಗುತ್ತದೆ. ನಮ್ಮ ಗಂಡಸರು ಸೈನ್ಯ ಬಿಡುವಾಗ ಕೊಟ್ಟ ಡಿಸ್ಚಾರ್ಜ್ ಬುಕ್ಕನ್ನು ಟ್ರಂಕಿನಲ್ಲಿಟ್ಟು ಬೀಗ ಹಾಕುತ್ತಾರೆ. ಒಳಗೆ ಏನಿದೆ ಅಂತ ಹೆಂಡತಿಗೆ ತೋರಿಸುವುದಿಲ್ಲ.

2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ ಕಡೆ ಗುಡ್ಡ ಕುಸಿದಾಗ ಮನೆಯ ಜೊತೆಗೆ ಕಾಗದಪತ್ರವೂ ಹೋಯಿತು. ನಮ್ಮ ಮಳೆ, ನಮ್ಮ ಗುಡ್ಡ ನೆನಪಿಟ್ಟುಕೊಂಡು ಪಿಪಿಒ, ಡಿಸ್ಚಾರ್ಜ್ ಬುಕ್, ಕಾರ್ಡ್ ಎಲ್ಲದರ ಫೋಟೋ ಮಕ್ಕಳ ಮೊಬೈಲಿನಲ್ಲಿ ಇರಲಿ. ಊರು ಬಿಟ್ಟು ಬೆಂಗಳೂರಿನಲ್ಲಿರುವ ಮಗಳಿಗೂ ಒಂದು ಸೆಟ್ ಕಳಿಸಿ.

ನೀವು ಕಟ್ಟಿದ ದುಡ್ಡಿನ ಬಗ್ಗೆ. ಪಟ್ಟಿಯಲ್ಲಿರುವ ಆಸ್ಪತ್ರೆ ತುರ್ತು ಸ್ಥಿತಿಯಲ್ಲಿ ಬಂದ ಸದಸ್ಯರ ಹತ್ತಿರ ಮುಂಗಡ ಕೇಳುವ ಹಾಗಿಲ್ಲ. ನಿಮ್ಮ ವಿಷಯದಲ್ಲಿ ನೀವು ಸದಸ್ಯೆ ಹೌದೋ ಅಲ್ಲವೋ ಅಂತಲೇ ಅನುಮಾನಪಟ್ಟರು. ಮೂಲ ಬಿಲ್ಲುಗಳು, ಆಸ್ಪತ್ರೆಯ ಡಿಸ್ಚಾರ್ಜ್ ಸಮ್ಮರಿ, ತುರ್ತು ಅಂತ ಡಾಕ್ಟರ್ ಬರೆದುಕೊಟ್ಟ ಸರ್ಟಿಫಿಕೇಟ್ ಹಿಡಿದುಕೊಂಡು ಪಾಲಿಕ್ಲಿನಿಕ್‌ಗೆ ಈ ವಾರವೇ ಹೋಗಿ. ನಡೆದದ್ದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಕೊಡಿ, ಸ್ವೀಕೃತಿ ತೆಗೆದುಕೊಳ್ಳಿ. ವಾಪಸ್ ಬರುವ ಮೊತ್ತ ಸರ್ಕಾರಿ ದರದ ಲೆಕ್ಕದಲ್ಲಿರುತ್ತದೆ, ಹಾಗಾಗಿ ಕಟ್ಟಿದ್ದಷ್ಟೂ ಬರುತ್ತದೆ ಅಂತ ಇಟ್ಟುಕೊಳ್ಳಬೇಡಿ. ಪಟ್ಟಿಯಲ್ಲಿಲ್ಲದ ಆಸ್ಪತ್ರೆಗೆ ತುರ್ತಾಗಿ ಸೇರಿಸಬೇಕಾಗಿ ಬಂದರೆ 48 ಗಂಟೆಯ ಒಳಗೆ ಪಾಲಿಕ್ಲಿನಿಕ್‌ಗೆ ತಿಳಿಸಲೇಬೇಕು. ಈ ಒಂದು ನಿಯಮ ಗೊತ್ತಿಲ್ಲದೆ ದುಡ್ಡು ಕಳೆದುಕೊಳ್ಳಬೇಡಿ.

ಮಕ್ಕಳ ಬಗ್ಗೆ ಕೇಳಿದ್ದೀರಿ. ಮಗನಿಗೆ 25 ತುಂಬಿದರೆ, ಅದಕ್ಕೆ ಮೊದಲೇ ಸಂಪಾದನೆ ಶುರುವಾದರೆ ಅಥವಾ ಮದುವೆಯಾದರೆ ಅವನು ಯೋಜನೆಯಿಂದ ಹೊರಗೆ. ಮಗಳಿಗೆ ವಯಸ್ಸಿನ ಮಿತಿ ಇಲ್ಲ, ಮದುವೆ ಅಥವಾ ಸಂಪಾದನೆಯವರೆಗೆ. ನಿಮ್ಮ ಪಕ್ಕದ ಮನೆಯ ಮಾಜಿ ಸೈನಿಕರ ಅಂಗವಿಕಲ ಮಗನಿಗೆ ವಯಸ್ಸು ಅಡ್ಡ ಬರುವುದಿಲ್ಲ. ಅವನ ಸರ್ಟಿಫಿಕೇಟ್ ಮಾಡಿಸಿ ತಂದೆಯ ದಾಖಲೆಗೆ ಈಗಲೇ ಸೇರಿಸಬೇಕು. ದಯವಿಟ್ಟು ಅವರಿಗೆ ಇದನ್ನು ಹೇಳಿ, ಆ ಹುಡುಗನ ಮುಂದಿನ ಬದುಕು ಇದರ ಮೇಲೆ ನಿಂತಿದೆ.

ಅದೇ ಮನೆಯ ಅಜ್ಜ-ಅಜ್ಜಿಯದ್ದು ಸ್ವಲ್ಪ ಕಷ್ಟ. ತಂದೆ-ತಾಯಿಯನ್ನು ಸೇರಿಸಬೇಕಾದರೆ ಅವರ ಎಲ್ಲ ಮೂಲದ ಆದಾಯ ತಿಂಗಳಿಗೆ 9,000 ರೂಪಾಯಿ ಮತ್ತು ಅದರ ಮೇಲಿನ ತುಟ್ಟಿಭತ್ಯೆಗಿಂತ ಕಡಿಮೆ ಇರಬೇಕು. ಮನೆತನಕ್ಕೆ ವಂಶಪಾರಂಪರ್ಯವಾಗಿ ಬಂದ ಜಮ್ಮಾ ಜಾಗದ ಪಹಣಿ, ಪಟ್ಟೆದಾರರಾದ, ಅಂದರೆ ಮನೆತನದ ಮುಖ್ಯಸ್ಥರಾದ ಅಜ್ಜನ ಹೆಸರಿನಲ್ಲಿದ್ದರೆ, ಇಡೀ ಒಕ್ಕದ (ಮನೆತನದ) ತೋಟವೇ ಆ ಅಜ್ಜನದ್ದು ಅನ್ನೋ ಹಾಗೆ ಕಾಗದದಲ್ಲಿ ಕಾಣುತ್ತದೆ. ಕೈಗೆ ಬರುವುದು ಒಂದು ಪಾಲು ಮಾತ್ರ. ನಾಡಕಚೇರಿಯಲ್ಲಿ ಆದಾಯ ಪ್ರಮಾಣಪತ್ರ ಕೇಳುವಾಗ ಅವರ ಪಾಲು ಎಷ್ಟು ಅನ್ನೋ ದಾಖಲೆಯನ್ನೂ ಜೊತೆಗೆ ಕೊಡಲಿ, ಗ್ರಾಮ ಆಡಳಿತಾಧಿಕಾರಿಗಳ (ಮೊದಲಿನ ಗ್ರಾಮ ಲೆಕ್ಕಿಗರ) ಹತ್ತಿರ ಮೊದಲೇ ಮಾತಾಡಲಿ.

ಹೊಸ ಕಾರ್ಡ್ ಕೈಗೆ ಬರಲು ತಡವಾಗಬಹುದು. ಅರ್ಜಿ ಒಪ್ಪಿಗೆಯಾದ ಮೇಲೆ ತಾತ್ಕಾಲಿಕ ಚೀಟಿ ಸಿಗುತ್ತದೆ. ಅದನ್ನು ಪ್ರಿಂಟ್ ತೆಗೆಸಿ ಪರ್ಸಿನಲ್ಲಿಟ್ಟುಕೊಳ್ಳಿ, ಒಂದು ಪ್ರತಿ ಮಗನ ಕಾರಿನಲ್ಲೂ ಇರಲಿ. ಬಿಲ್ಲಿನ ಬಗ್ಗೆ ಪಾಲಿಕ್ಲಿನಿಕ್‌ನವರು ಏನು ಹೇಳಿದರು ಅಂತ ನಮಗೆ ಬರೆಯಿರಿ. ತಡ ಮಾಡಿದರೆ ನಿಮ್ಮ ಸ್ವೀಕೃತಿಯ ಪ್ರತಿ ಕಳಿಸಿ, ಮುಂದಿನ ಪತ್ರವನ್ನು ಪತ್ರಿಕೆಯ ಕಡೆಯಿಂದ ನಾವೇ ಬರೆಯುತ್ತೇವೆ.

— ಸಂ.